ಹೊಸ್ತಿಲು ದಾಟಿದ ಐಬು

ಪತ್ರದ ನಾಲ್ಕನೆಯ ಸಾಲಿಗೆ ಬಂದರೂ ಚಿಗುಸಾ ಇನ್ನೂ ಹವಾಮಾನದಲ್ಲೇ ಇದ್ದಳು. ಜೀರುಂಡೆಗಳ ದನಿ ಇಳಿಯುತ್ತ ಬಂದರೂ ಸೆಕೆ ಹಟ ಬಿಡದ ಈ ದಿನಗಳಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ ಎಂದು ಬರೆದಳು. ಬಿಡುವಿಲ್ಲದ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿದಳು. ಕಂಪ್ಯೂಟರ್ ವಿಷಯದಲ್ಲಿ ತನ್ನ ದಡ್ಡತನಕ್ಕೆ ಬೇರೆಯಾಗಿ ಇನ್ನೊಂದು ಕ್ಷಮೆ ಕೇಳಿದಳು. ತಾವು ಬರೆದು ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟಿರುವ ತಂತ್ರಾಂಶದಿಂದಲೇ ನಮ್ಮ ಮನೆಯ ಮಗ್ಗ ಉಸಿರಾಡುತ್ತಿದೆ ಎಂದು ಕೊಂಡಾಡಿದಳು. ಕಟ್ಟಕಡೆಗೆ, 'ನೇಯ್ದ ಬಟ್ಟೆಯಲ್ಲಿ ಒಮ್ಮೊಮ್ಮೆ ಏನೋ ಸ್ವಲ್ಪ ಹೆಚ್ಚುಕಮ್ಮಿ ಆದಂತೆ ಕಾಣುತ್ತದೆ, ಬಹುಶಃ ನನ್ನ ಕೈಯ ತಪ್ಪೇ ಇರಬೇಕು' ಎಂದು ಸೇರಿಸಿ, ಪದ್ಧತಿಯಂತೆ ಮನೆಯ ವಿಳಾಸ, ಫೋನ್ ನಂಬರು ಹಾಕಿ, ಪರದೆಗೊಂದು ನಮಸ್ಕಾರ ಮಾಡಿ ತಂತ್ರಾಂಶದ ದೂರು ಪುಟಕ್ಕೆ ಕಳಿಸಿದಳು.

ನಮ್ಮ ನಿಶಿಜಿನ್ ನೇಕಾರರ ಓಣಿಗಳಲ್ಲಿ ಪತ್ರ ಬರೆಯುವುದೆಂದರೆ ಹೀಗೇ. ವಿಷಯ ಕೊನೆಯಲ್ಲಿ ಬರಬೇಕು, ಅದೂ ನಾಚಿಕೊಂಡು ಬರಬೇಕು. ಪಕ್ಕದ ಮನೆಗೆ ಬೆಂಕಿ ಬಿದ್ದರೂ ನಮ್ಮವರು ಓಡಿಹೋಗಿ, 'ಇವತ್ತು ತಮ್ಮ ಕಡೆ ಸ್ವಲ್ಪ ಬೆಚ್ಚಗಿರೋ ಹಾಗಿದೆ' ಎಂದಾರು. ಕ್ಯೋಟೋದಲ್ಲಿ ಹುಟ್ಟಿದವರಿಗೆ ಇದು ಅರ್ಥವಾಗುತ್ತದೆ. ಚಿಗುಸಾಳ ಪತ್ರ ಓದಿದವನು ಮಾತ್ರ ಕ್ಯೋಟೋದವನಲ್ಲ.

ಮರುದಿನ ಬೆಳಿಗ್ಗೆ ಉತ್ತರ ಬಂತು. 'ಏನಾಗಿದೆ ತಿಳಿಯಲಿಲ್ಲ. ದೂರು ಮುಚ್ಚುತ್ತಿದ್ದೇನೆ. ನುಮಾಕುರ.' ಅಷ್ಟೇ. ಚಿಗುಸಾಗೆ ಯಾರೋ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಆ ಉರಿ ಆರುವ ಮೊದಲೇ ಫೋನ್ ಹೊಡೆದುಕೊಂಡಿತು.

"ನುಮಾಕುರ ಮಾತಾಡ್ತೀನ್ರೀ, ಅಕಿತಾದಿಂದ. ಇತೊಗುಚಿ ತಂತ್ರಾಂಶ ಬರದಾಂವ. ಅಕ್ಕಾರ, ಮದಲ ಆ ಪುಟದಾಗಿಂದ ನಿಮ್ಮ ಫೋನ್ ನಂಬರು, ಮನಿ ವಿಳಾಸ ತಗೀರಿ. ಅದು ಇಡೀ ಜಗತ್ತು ನೋಡೋ ಪುಟ ಐತಿ. ನನಗೊಬ್ಬಂಗ ಬರದ ಪತ್ರ ಅಲ್ಲ."

"ಅಯ್ಯೋ, ದಯವಿಟ್ಟು ಕ್ಷಮಿಸಿ. ವಿಳಾಸ ಇಲ್ದೆ ಬರೆಯೋದು ಮರ್ಯಾದೆ ಅಲ್ಲ ಅಂತ..."

"ಮರ್ಯಾದಿ ಭಾಳ ಐತ್ರೀ ಅದರಾಗ. ಬಗ್ ಏನು ಅನ್ನೋದು ಒಂದ ಇಲ್ಲ."

ಉತ್ತರದ ಹಿಮದ ಸೀಮೆಯವರು ಬಾಯಿ ತೆರೆದರೆ ಚಳಿ ಒಳಗೆ ಹೋಗುತ್ತದೆಂದು ಮಾತನ್ನು ಕತ್ತರಿಸಿ ಆಡುತ್ತಾರೆ ಎಂದು ನಮ್ಮ ಕಡೆ ಒಂದು ಹಾಸ್ಯವಿದೆ. ಈ ನುಮಾಕುರ ಹಾಲಿನ ಸಹಕಾರ ಸಂಘದಲ್ಲಿ ಕೆಲಸ ಮಾಡುವವನು. ತಾಯಿಯ ಹಳೆಯ ಮಗ್ಗ ಕೆಟ್ಟು ನಿಂತಾಗ ಅದನ್ನು ನಡೆಸಲೆಂದು ತಂತ್ರಾಂಶ ಬರೆದು, ಬೇಕಾದವರು ಬಳಸಿ, ಒಳಗೆ ಬಿಚ್ಚಿ ನೋಡಿ, ತಿದ್ದಿಕೊಳ್ಳಿ ಎಂದು ಜಗತ್ತಿಗೆ ಬಿಟ್ಟಿದ್ದ. ಮನುಷ್ಯ ಒರಟ, ಆದರೆ ಕೆಟ್ಟವನಲ್ಲ ಎಂದು ಚಿಗುಸಾಗೆ ಎರಡನೆಯ ಮಾತಿಗೇ ಅನ್ನಿಸಿತು.

"ಮೂರ ಮಾತು ಬರೀರಿ, ಸಾಕು. ನೀವು ಏನ್ ಮಾಡಿದ್ರಿ. ಏನ್ ಆಗಬೇಕಿತ್ತು. ಏನ್ ಆತು. ತಪ್ಪು ನಿಮ್ಮದೋ ನಂದೋ ಅನ್ನೋದು ಈಗ ಬ್ಯಾಡ, ಅದನ್ನ ಆಮ್ಯಾಲ ನೋಡೂಣು. ಮತ್ತ ಕೆಟ್ಟ ಬಟ್ಟಿದೊಂದು ಫೋಟೋ ಹಾಕ್ರಿ."

"ಕೆಟ್ಟ ಬಟ್ಟೆದಾ?" ಚಿಗುಸಾಳ ದನಿ ಇಳಿಯಿತು.

ಹಿಂದುಗಡೆ ಮಣ್ಣಿನ ನೆಲದ ಕೋಣೆಯಲ್ಲಿ ಮಾವ ತೊಕುಜಿರೊ ನೂಲು ಸುತ್ತುವುದನ್ನು ನಿಲ್ಲಿಸಿ ತಲೆಯೆತ್ತಿದ್ದು ಅವಳಿಗೆ ನೋಡದೆಯೇ ಗೊತ್ತಾಯಿತು.

ಆ ಕೋಣೆಯ ಮಗ್ಗ ಅತ್ತೆಯದು. ಮದುವೆಯಾಗಿ ಬಂದಾಗ ದಾರಕ್ಕೆ ಗಂಟು ಹಾಕಲೂ ಬಾರದಿದ್ದ ಚಿಗುಸಾಳನ್ನು ಅತ್ತೆ ಆ ಮಗ್ಗದ ಮುಂದೆ ಕೂರಿಸಿ, ಕೈಮೇಲೆ ಕೈಯಿಟ್ಟು ಕಲಿಸಿದ್ದರು. ಅತ್ತೆ ಹೋಗಿ ಐದು ವರ್ಷವಾದರೂ ಹಲಗೆಯ ಮೇಲೆ ಅವರು ಕೂತು ಕೂತು ಸವೆದ ತಗ್ಗು ಹಾಗೇ ಇದೆ. ಚಿಗುಸಾ ಕೂರುವುದು ಅದರೊಳಗೇ. ಹಾಸಿನ ಯಾವ ಎಳೆ ಏಳಬೇಕು, ಯಾವುದು ಕೂತಿರಬೇಕು ಎಂದು ಮಗ್ಗದ ಜಕಾರ್ಡಿಗೆ ಹೇಳುತ್ತಿದ್ದ ಪೆಟ್ಟಿಗೆ ಸತ್ತು, ಅದನ್ನು ಮಾಡಿದ ಕಂಪನಿಯೂ ಅದಕ್ಕಿಂತ ಮೊದಲೇ ಮುಚ್ಚಿಹೋಗಿತ್ತು. ಇತೊಗುಚಿ ಸಿಗದಿದ್ದರೆ ಮಗ್ಗ ಆವತ್ತೇ ಸೌದೆಯಾಗುತ್ತಿತ್ತು.

ಸಿಕ್ಕಿತು, ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಐಬು ಶುರುವಾಯಿತು. ಹರಿಯುವ ನೀರಿನ ನಕ್ಷೆ ನೇಯುವಾಗ ಎಲ್ಲೋ ಒಂದು ಕಡೆ ಅಲೆಯ ಗೆರೆ ತಟ್ಟನೆ ಹಲ್ಲು ಮುರಿದ ಬಾಚಣಿಗೆಯಂತಾಗುವುದು. ಒಂದು ಹೊಕ್ಕಿನ ನಕ್ಷೆ ಎರಡು ಸಲ ಬಂದಿರುತ್ತಿತ್ತು. ಒಮ್ಮೆ ಬರುವುದು, ಮತ್ತೆ ಎಷ್ಟೋ ದಿನ ಇಲ್ಲ. ಬೇಸಿಗೆಯಲ್ಲಿ ಅಂಥದೊಂದು ಚಿಗುಸಾಳ ಕಣ್ಣು ತಪ್ಪಿಸಿ ಸಗಟು ಅಂಗಡಿಗೆ ಹೋಗಿಬಿಟ್ಟಿತು. ಅಂಗಡಿಯ ಯಜಮಾನರು ಆ ಒಬಿಯ, ಎಂದರೆ ಕಿಮೋನೋದ ನಡುಪಟ್ಟಿಯ, ಸುರುಳಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಾವೇ ತಂದು ಕೊಟ್ಟು, "ಬಹಳ ಜೀವಂತಿಕೆ ಇರೋ ನೇಯ್ಗೆ. ನಮ್ಮಂಥ ಸಣ್ಣ ಅಂಗಡಿಗೆ ಇದು ಹೆಚ್ಚಾಯ್ತು" ಎಂದು ಬಾಗಿ ನಮಸ್ಕರಿಸಿ ಹೋದರು. ನಮ್ಮ ಕಡೆ ಇದಕ್ಕಿಂತ ಕಠಿಣವಾದ ಬೈಗುಳವಿಲ್ಲ. ತೊಕುಜಿರೊ ಆವತ್ತು ಊಟ ಮಾಡಲಿಲ್ಲ. ಮಗ್ಗ ಬಿಚ್ಚುವವನಿಗೆ ಫೋನ್ ಮಾಡಿ, ಶರತ್ಕಾಲದ ಹಿರಿಯರ ಪೂಜೆ ಮುಗಿದ ಮೇಲೆ ಬನ್ನಿ ಎಂದುಬಿಟ್ಟರು. ಚಿಗುಸಾಳ ಗಂಡ ನಗರದ ಬಸ್ ಓಡಿಸುವವನು. ಅಪ್ಪನ ಮಾತಿಗೆ ಎದುರಾಡದವನು. ಹಿರಿಯರ ಪೂಜೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

"ಫೋಟೋನಾ?" ಎಂದರು ತೊಕುಜಿರೊ. "ಐಬಿನ ಬಟ್ಟೆ ಈ ಮನೆ ಹೊಸ್ತಿಲು ದಾಟಿಲ್ಲ. ನಮ್ಮಪ್ಪನ ಕಾಲದಲ್ಲೂ ದಾಟಿಲ್ಲ, ಅವರಪ್ಪನ ಕಾಲದಲ್ಲೂ ದಾಟಿಲ್ಲ."

"ಅಂಗಡಿಗೆ ಹೋಗಿ ಬಂತಲ್ಲ ಮಾವ, ಮೊನ್ನೆ."

"ಅದಕ್ಕೇ ಮಗ್ಗ ಬಿಚ್ಚಿಸ್ತಿರೋದು!"

ಐಬು ಬಂದ ತುಂಡನ್ನು ಕತ್ತರಿಸಿ, ನೇಯ್ದದ್ದು ಕಾಣದಂತೆ ಒಳಮಗ್ಗುಲಾಗಿ ಮಡಚಿ, ಮಾಳಿಗೆಯ ಪೆಟ್ಟಿಗೆಗೆ ಹಾಕುವುದು ಆ ಮನೆಯ ರೀತಿ. ಆ ಮನೆಯದೇನು, ಓಣಿಯ ಎಲ್ಲ ಮನೆಗಳದೂ ಅದೇ. ಹೆತ್ತವರಿಗೂ ತೋರಿಸುವುದಿಲ್ಲ.

ಚಿಗುಸಾ ಒಂದು ಉಪಾಯ ಹುಡುಕಿದಳು. ಮಾವನ ಮಾತೂ ಉಳಿಯಲಿ, ಅಕಿತಾದವನ ಮಾತೂ ನಡೆಯಲಿ ಎಂದು, ಅದೇ ನಕ್ಷೆಯ ಚೆನ್ನಾಗಿ ಬಂದ ಭಾಗದ ಫೋಟೋ ತೆಗೆದು ಕಳಿಸಿದಳು. ಜೊತೆಗೆ, 'ಇದು ಹೀಗಿರದೆ ಸ್ವಲ್ಪ ಬೇರೆಯಾಗಿ ಬಂದಿತ್ತೆಂದು ಕಲ್ಪಿಸಿಕೊಳ್ಳಬೇಕಾಗಿ ವಿನಂತಿ' ಎಂದು ಬರೆದಳು. ನುಮಾಕುರ ಮತ್ತೆ ಫೋನ್ ಮಾಡಿದ.

"ಚೆಂದ ಐತ್ರೀ ಅಕ್ಕಾರ. ನಮ್ಮವ್ವ ಇದ್ದಿದ್ರ ಕಣ್ಣಿಗೊತ್ತಿಕೋತಿದ್ಲು. ಆದ್ರ ಹಲ್ಲುನೋವು ಅಂತ ಡಾಕ್ಟರ್ ಕಡೆ ಹೋಗಿ ಚಲೋ ಹಲ್ಲು ತೋರಿಸಿದ್ರ ಅಂವಾ ಏನ್ ಕೀಳಬೇಕು?"

ಚಿಗುಸಾಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಫೋನ್ ಇಟ್ಟವಳು ಸೀದಾ ಮಾಳಿಗೆಗೆ ಹತ್ತಿ, ಪೆಟ್ಟಿಗೆ ತೆರೆದು, ಮೇಲಿನ ತುಂಡನ್ನು ಎತ್ತಿಕೊಂಡು ಇಳಿದಳು. ತೊಕುಜಿರೊ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ಒಳಗಿಡು."

"ಇಲ್ಲ ಮಾವ." ಮಾವನಿಗೆ ಆ ಮಾತು ಅವಳು ಹೇಳುತ್ತಿರುವುದು ಅದೇ ಮೊದಲು. "ಅತ್ತೆ ಮಗ್ಗಾನ ತುಂಡು ಮಾಡಿ ಲಾರಿಗೆ ಹಾಕಿದ ಮೇಲೆ, ಈ ಪೆಟ್ಟಿಗೆ ಮಾನ ಇಟ್ಕೊಂಡು ಏನು ಮಾಡ್ತೀರ? ನನಗೆ ಬೈಯಿರಿ, ಬೈಸ್ಕೋತೀನಿ. ಮಗ್ಗ ಬಿಟ್ಟುಕೊಡಲ್ಲ."

ಒಳಗೆ ಕತ್ತಲು. ದೀಪದ ಬೆಳಕಿಗೆ ರೇಷ್ಮೆ ಮಿರುಗಿ ಐಬು ಕಾಣುತ್ತಿರಲಿಲ್ಲ. ಜಾಲರಿ ಬಾಗಿಲು ಸರಿಸಿ ಅವಳು ಹೊಸ್ತಿಲು ದಾಟಿ, ಓಣಿಯ ಬಿಸಿಲಿಗೆ, ಮನೆ ಮುಂದಿನ ಬೆಂಚಿನ ಮೇಲೆ ಆ ತುಂಡನ್ನು ಹಾಸಿಬಿಟ್ಟಳು.

ಹಾಸಿದ ಹೊತ್ತಿಗೆ ಸರಿಯಾಗಿ ಎದುರು ಮನೆಯಿಂದ ಉಮೆಹರ ಅಮ್ಮ ಬಂದರು, ಕೈಯಲ್ಲಿ ಸುತ್ತೋಲೆಯ ಹಲಗೆ. ಓಣಿಯ ಸುದ್ದಿಗಳನ್ನು ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುವುದು ಪದ್ಧತಿ. ಬೇರೆಯವರು ಬಾಗಿಲಲ್ಲಿಟ್ಟು ಹೋಗುತ್ತಾರೆ. ಉಮೆಹರ ಅಮ್ಮ ಮಾತ್ರ ಕೈಗೇ ಕೊಟ್ಟು, ಕೂತು, ತಣ್ಣನೆ ಬಾರ್ಲಿ ಚಹಾ ಕುಡಿದು, ಓಣಿಯ ಎಲ್ಲರ ಮೊಣಕಾಲು ನೋವಿನ ವರದಿ ಒಪ್ಪಿಸಿ ಏಳುವವರು. ಅವರು ಬೆಂಚಿನ ಮೇಲಿನ ಬಟ್ಟೆ ನೋಡಿದರು. ಮುರಿದ ಅಲೆಯನ್ನು ನೋಡಿದರು. ಕೂರಲಿಲ್ಲ, ಚಹಾಕ್ಕೂ ಕಾಯಲಿಲ್ಲ. ಹಲಗೆಯನ್ನು ಬೆಂಚಿನ ತುದಿಗಿಟ್ಟು ಹಿಂತಿರುಗಿ ಹೋದರು.

"ಹೋಯ್ತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗತ್ತೆ" ಎಂದು ತೊಕುಜಿರೊ ಒಳಗಿನಿಂದಲೇ ನರಳಿದರು.

ಊರಿಗಲ್ಲ, ಜಗತ್ತಿಗೇ ಗೊತ್ತಾಯಿತು. ಚಿಗುಸಾ ಈ ಸಲ ಹವಾಮಾನ ಬಿಟ್ಟಳು. 'ಮಾಡಿದ್ದು: ಹರಿವ ನೀರಿನ ನಕ್ಷೆ ನೇಯ್ದೆ. ಆಗಬೇಕಿದ್ದದ್ದು: ಅಲೆ ಮುರಿಯದೆ ಸಾಗಬೇಕಿತ್ತು. ಆದದ್ದು: ಚಿತ್ರ ನೋಡಿ.' ಬರೆದು ಮುಗಿಸಿದಾಗ ಬಟ್ಟೆಯಿಲ್ಲದೆ ಬೀದಿಗೆ ಬಂದಂತೆ ಅನ್ನಿಸಿತು. ಆದರೆ ಎರಡು ದಿನದಲ್ಲಿ ಆ ಪುಟದ ಕೆಳಗೆ ಸಾಲುಗಳು ಸೇರತೊಡಗಿದವು. ಕಿರಿಯುವಿನ ನೇಕಾರನೊಬ್ಬ, 'ನಮ್ಮಲ್ಲೂ ಇದೇ. ಹೊಸ ಹುಡುಗಿಯ ಕೈ ಸರಿಯಿಲ್ಲವೆಂದು ಬೈದಿದ್ದೆ' ಎಂದು ಬರೆದ. ಯೊನೆಝವಾದಿಂದ ಒಬ್ಬಳು, 'ವರ್ಷದಿಂದ ಇದೆ. ನನ್ನದೇ ತಪ್ಪೆಂದುಕೊಂಡಿದ್ದೆ' ಎಂದಳು. ತೈವಾನಿನಿಂದಲೂ ಒಬ್ಬರು ಮುರಿದ ಹೂವಿನ ಚಿತ್ರ ಹಾಕಿದರು. ಎಲ್ಲರ ಮನೆಯ ದೋಸೆಯೂ ತೂತೇ. ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆಯ ಮೇಲೆ ಕೂತು ಬೆವರುತ್ತಿದ್ದರು, ಅಷ್ಟೇ. ಚಿಗುಸಾ ಆ ಸಾಲುಗಳನ್ನು ಮಾವನಿಗೆ ಓದಿ ಹೇಳಿದಳು. ಅವರು ಕನ್ನಡಕ ಹಾಕಿಕೊಂಡು ತಾವೂ ಒಮ್ಮೆ ಓದಿದರು.

ಆದರೂ ಗೆದ್ದಂತಾಗಿರಲಿಲ್ಲ. ನುಮಾಕುರ ತನ್ನ ಮಗ್ಗದಲ್ಲಿ ಅದೇ ನಕ್ಷೆ ಹಾಕಿ ಮೊಳಗಟ್ಟಲೆ ನೇಯ್ದ. ಒಂದು ಹಲ್ಲೂ ಮುರಿಯಲಿಲ್ಲ.

"ನನ್ನ ಕಡೆ ಆಗವಲ್ದು" ಎಂದ ಫೋನಿನಲ್ಲಿ. ಅವನ ದನಿಯೂ ಸೋತಿತ್ತು. "ಕಣ್ಣಮುಂದ ಆದ್ರ ಹಿಡೀಬಹುದು. ಆಗದ ಇದ್ರ ಎಲ್ಲಿ ಹುಡುಕೂದು? ಯಾವಾಗ ಆಗತೈತಿ ಅಂತ ಯಾರೂ ಹೇಳವಲ್ರು. ನೀವು ಮಗ್ಗದ ಮುಂದ ಏನೇನ ಮಾಡ್ತೀರಿ, ಒಂದೂ ಬಿಡದ ಹೇಳ್ರಿ."

ಚಿಗುಸಾ ಹೇಳಿದಳು. ಕೂರುತ್ತೇನೆ, ತುಳಿಯುತ್ತೇನೆ, ಲಾಳಿ ಎಸೆಯುತ್ತೇನೆ, ಬಡಿಯುತ್ತೇನೆ.

"ಅದು ನಾನೂ ಮಾಡ್ತೀನಿ. ಕೆಲಸ ಅಲ್ಲ ಅಂತ ಬಿಟ್ಟಿರ್ತೀರಲ್ಲ, ಅದನ್ನ ಹೇಳ್ರಿ."

"ಬೇರೆ ಏನೂ ಇಲ್ವಲ್ಲ..."

ಆಗ ಹಿಂದಿನಿಂದ ತೊಕುಜಿರೊ ಗೊಣಗಿದರು. "ನಾನು ಮೊದಲಿಂದ ಹೇಳ್ತಾನೇ ಇದೀನಿ. ಆ ಉಮೆಹರ ಬಂದು ಕೂತ ದಿನವೇ ಐಬು ಬರೋದು. ಅವಳ ಕಾಲ್ಗುಣ."

ಚಿಗುಸಾ ಅಂಗೈಯಿಂದ ಫೋನ್ ಮುಚ್ಚಿದಳು. ಮುಚ್ಚುವುದು ತಡವಾಗಿತ್ತು.

"ಯಾರ್ರೀ ಅದು? ಉಮೆಹರ ಅಂದ್ರ ಯಾರು?"

"ಏನಿಲ್ಲ, ಏನಿಲ್ಲ. ನಮ್ಮ ಮಾವ. ವಯಸ್ಸಾಗಿದೆ, ಏನೋ ಅಂತಾರೆ. ಎದುರು ಮನೆಯೋರ ಹೆಸರನ್ನ ಇಂಥದಕ್ಕೆಲ್ಲ ತರೋದು ತಪ್ಪು, ಕ್ಷಮಿಸಿ."

"ಕ್ಷಮಾ ಆಮ್ಯಾಲ ಕೇಳ್ರಿ. ಅವರು ಬಂದ್ರ ನೀವು ಏನ್ ಮಾಡ್ತೀರಿ?"

"ಮಾಡೋದೇನು, ಏಳ್ತೀನಿ. ಮನೆಗೆ ಬಂದೋರ ಮುಂದೆ ಮಗ್ಗ ಬಡೀತಾ ಕೂರೋಕಾಗತ್ತಾ?"

"ಹ್ಯಾಂಗ ಏಳ್ತೀರಿ?"

ಎಂಥ ಪ್ರಶ್ನೆ ಇದು ಎಂದುಕೊಳ್ಳುತ್ತಲೇ ಚಿಗುಸಾ ಹೇಳಿದಳು. ಊಟಕ್ಕೋ ನೀರಿಗೋ ಏಳುವುದಾದರೆ ಅಲೆಯೊಂದನ್ನು ಪೂರ್ತಿ ಮುಗಿಸಿಯೇ ಏಳುತ್ತೇನೆ. ಅತಿಥಿ ಬಂದರೆ ಮುಗಿಯುವ ತನಕ ಕಾಯಿಸುವಂತಿಲ್ಲವಲ್ಲ. ನಡುವೆ ಎದ್ದರೆ ಕೊನೆಯ ಎಳೆ ಬಿಗಿ ಕಳೆದುಕೊಂಡು ಬಟ್ಟೆಯ ಮೇಲೆ ಗೆರೆ ಉಳಿಯುತ್ತದೆ. ಅದಕ್ಕೆ ಕೊನೆಯ ಹೊಕ್ಕನ್ನು ಹೊರಗೆಳೆದು, 'ಹಿಂದೆ' ಎನ್ನುವ ಗುಂಡಿ ಒತ್ತಿ, ಏಳುತ್ತೇನೆ. ಬಂದು ಅದೇ ಎಳೆಯನ್ನು ಹೊಸದಾಗಿ ನೇಯುತ್ತೇನೆ. ಅತ್ತೆ ಕಲಿಸಿದ್ದು.

ಆ ಕಡೆ ಕೀಲಿಮಣೆ ಟಕಟಕ ಸದ್ದು ಮಾಡಿತು.

"ಅಕ್ಕಾರ. 'ಹಿಂದೆ' ಗುಂಡಿ ಒತ್ತತೀರಿ. ಇದನ್ನ ಮದಲ ಯಾಕ ಹೇಳಲಿಲ್ರೀ!"

"ಅದು ಕೆಲಸ ಅಲ್ಲವಲ್ಲ" ಎಂದಳು ಚಿಗುಸಾ. "ಕೆಲಸ ನಿಲ್ಲಿಸೋದು."

"ನಾ ಒಮ್ಮೆಯೂ ಆ ಗುಂಡಿ ಮುಟ್ಟಿಲ್ರೀ. ನಮ್ಮ ಮನಿಗೆ ಯಾರೂ ಬರಂಗಿಲ್ಲ. ಮಾವಾರಿಗೆ ಹೇಳ್ರಿ, ಕಾಲ್ಗುಣ ಖರೆ ಐತಿ ಅಂತ. ನಾಳೆ ಮುಂಜಾನೆ ವಿಡಿಯೋ ಹಚ್ಚೂಣು. ಎಲ್ಲಾ ದಿನಾ ಹ್ಯಾಂಗ ಆಗತೈತೋ ಹಂಗ ಆಗಬೇಕು. ಎದುರು ಮನಿಯವರನ್ನೂ ಕರೀರಿ."

ಕರೆಯಲು ಹೋಗಬೇಕಾದವರು ತೊಕುಜಿರೊ. ಮನೆಯ ಹಿರಿಯರೇ ಹೋಗಿ ಕೇಳಬೇಕಾದ ಮಾತು ಅದು. ಎಪ್ಪತ್ತೆಂಟು ವರ್ಷದ ಮನುಷ್ಯ, ಒಳ್ಳೆಯ ಹಾವೊರಿ ಮೇಲಂಗಿ ತೊಟ್ಟು ಎರಡು ಹೆಜ್ಜೆ ಅಗಲದ ಓಣಿ ದಾಟಲು ಎರಡು ಸಲ ಹೊರಟು ಎರಡು ಸಲ ಹಿಂದೆ ಬಂದರು. ಕೊನೆಗೆ ಹೋಗಿ ಎದುರು ಬಾಗಿಲಲ್ಲಿ ಬಾಗಿ, "ನಾಳೆ ಬೆಳಿಗ್ಗೆ ತಾವು ನಮ್ಮನೆಗೆ ಬಂದು ತೊಂದರೆ ಕೊಡಬೇಕು" ಎಂದರು.

"ಐವತ್ತು ವರ್ಷದಿಂದ ಕರೀದೇನೇ ಕೊಡ್ತಿದೀನಿ" ಎಂದರು ಉಮೆಹರ ಅಮ್ಮ. "ಕರೆದು ಕೇಳ್ತಿರೋದು ಇದೇ ಮೊದಲು. ಬರ್ತೀನಿ ಬಿಡಿ."

ಮರುದಿನ ಫೋನನ್ನು ನೂಲಿನ ಬುಟ್ಟಿಗೆ ಒರಗಿಸಿ ನಿಲ್ಲಿಸಿದರು. ಪರದೆಯಲ್ಲಿ ನುಮಾಕುರ, ಅವನ ಹಿಂದೆ ಅವನ ತಾಯಿಯ ಮಗ್ಗ. ಚಿಗುಸಾ ಅತ್ತೆಯ ತಗ್ಗಿನಲ್ಲಿ ಕೂತು ನೇಯತೊಡಗಿದಳು. ಬಾಗಿಲು ಸರಿಯಿತು. "ಇದೀರೇನಮ್ಮಾ?" ಎಂದರು ಉಮೆಹರ ಅಮ್ಮ. ಕೈಯಲ್ಲಿ ಹಲಗೆ, ಅದರಲ್ಲಿ ಒಂದು ಚೀಟಿಯೂ ಇರಲಿಲ್ಲ. ಬರಿಗೈಲಿ ಬಂದರೆ ದಿನದಂತೆ ಆಗುವುದಿಲ್ಲ ಎಂದು ಖಾಲಿ ಹಲಗೆಯನ್ನೇ ತಂದಿದ್ದರು. ಚಿಗುಸಾ ಎಳೆ ಹೊರಗೆಳೆದಳು, ಗುಂಡಿ ಒತ್ತಿದಳು, ಎದ್ದಳು, ಚಹಾ ಕೊಟ್ಟಳು, ಮತ್ತೆ ಕೂತು ನೇಯ್ದಳು. ಅಲೆ ನೆಟ್ಟಗೆ ಸಾಗಿತು.

"ಇನ್ನೊಮ್ಮೆ" ಎಂದ ನುಮಾಕುರ.

ಉಮೆಹರ ಅಮ್ಮ ಹೊರಗೆ ಹೋಗಿ ಮತ್ತೆ ಬಂದರು. ಮತ್ತೆ ಅದೇ "ಇದೀರೇನಮ್ಮಾ?" ಮತ್ತೆ ಚಹಾ. ಅಲೆ ನೆಟ್ಟಗೆ. ಮತ್ತೆ ಹೋದರು, ಮತ್ತೆ ಬಂದರು. ತೊಕುಜಿರೊ ಮಗ್ಗದ ಪಕ್ಕದಲ್ಲಿ ಕೂತು, ಬದುಕಿನಲ್ಲಿ ಮೊದಲ ಸಲ ಐಬು ಬರಲಿ ಎಂದು ಹಾರೈಸುತ್ತಿದ್ದರು. ಹೊತ್ತು ಏರಿತು. ಉಮೆಹರ ಅಮ್ಮ, "ನನಗಿನ್ನು ಒಂದು ಲೋಟ ಚಹಾ ಹಾಕಿದ್ರೆ ನಾನೇ ಹರಿಯೋ ನೀರಾಗ್ತೀನಿ" ಎಂದರು. ಯಾರೂ ನಗಲಿಲ್ಲ. ಇವತ್ತು ಬರದಿದ್ದರೆ ಮತ್ತೆ ಯಾವತ್ತು ಎಂದು ಎಲ್ಲರಿಗೂ ಒಳಗೊಳಗೇ ಹೆದರಿಕೆ ಹತ್ತಿತ್ತು.

ಮತ್ತೊಮ್ಮೆ ಬಾಗಿಲು ಸರಿಯಿತು. ಚಿಗುಸಾ ಎಳೆದಳು, ಒತ್ತಿದಳು, ಎದ್ದಳು, ಕೂತಳು, ತುಳಿದಳು, ಲಾಳಿ ಎಸೆದಳು, ಬಡಿದಳು. ಇನ್ನೊಂದು ಎಳೆ. ಇನ್ನೊಂದು. ಅವಳ ಕೈ ನಿಂತಿತು.

"ಮಾವ. ನೋಡಿ."

ತೊಕುಜಿರೊ ಬಾಗಿದರು. ಅಲೆಯ ತುದಿಯಲ್ಲಿ ಹಲ್ಲು ಮುರಿದಿತ್ತು.

"ಬಂತು!" ಎಂದು ಅವರು ಕೂಗಿದ ಕೂಗಿಗೆ ಓಣಿಯ ನಾಯಿ ಬೊಗಳಿತು. "ಬಂತು ಕಣಮ್ಮ! ಐಬು ಬಂತು! ಎಂಥ ಚೆಂದದ ಐಬು!" ಉಮೆಹರ ಅಮ್ಮ ಹಲಗೆ ಬಡಿದು ಚಪ್ಪಾಳೆಯಂತೆ ಸದ್ದು ಮಾಡಿದರು. ಚಿಗುಸಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

"ಯಾವ ಎಳಿ? ಎಷ್ಟನೇದು? ಮುಟ್ಟಬ್ಯಾಡ್ರಿ, ಕಂಪ್ಯೂಟರ್ ಮ್ಯಾಲಿನ ಅಂಕಿ ಅಷ್ಟ ಹೇಳ್ರಿ!" ನುಮಾಕುರ ಅಂಕಿ ಕೇಳಿಸಿಕೊಂಡು ತನ್ನ ಮಗ್ಗಕ್ಕೆ ಓಡಿದ. ಅದೇ ಎಳೆಗೆ ತಂದು ನಿಲ್ಲಿಸಿ ಗುಂಡಿ ಒತ್ತುವುದು ಪರದೆಯಲ್ಲಿ ಕಂಡಿತು. ಆಮೇಲೆ ಅವನು ಎರಡೂ ಕೈ ಮೇಲೆತ್ತಿ ಕುಣಿಯುವುದೂ ಕಂಡಿತು. "ನನ್ನ ಕಡೆನೂ ಆತ್ರೀ! ಸಿಕ್ಕ ಮಗ!"

ನಕ್ಷೆಯನ್ನು ಅವನ ತಂತ್ರಾಂಶ ಪುಸ್ತಕದ ಹಾಳೆಗಳಂತೆ ತುಂಡು ತುಂಡಾಗಿ ಓದುತ್ತಿತ್ತು. ಹಾಳೆಯ ಮೊದಲ ಸಾಲಿನಲ್ಲೇ ಯಾರಾದರೂ 'ಹಿಂದೆ' ಒತ್ತಿದರೆ, ಹಿಂದಿನ ಹಾಳೆಗೆ ಹೋಗಿ, ಎಲ್ಲಿದ್ದೆನೆಂಬುದನ್ನೇ ಮರೆತು ಒಂದು ಸಾಲನ್ನು ಎರಡು ಸಲ ಓದುತ್ತಿತ್ತು. ಉಳಿದ ಕಡೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಉಮೆಹರ ಅಮ್ಮ ಸರಿಯಾಗಿ ಹಾಳೆ ತಿರುಗುವ ಹೊತ್ತಿಗೆ ಬಾಗಿಲು ಸರಿಸಿದ ದಿನ ಮಾತ್ರ ಅಲೆ ಮುರಿಯುತ್ತಿತ್ತು. ನುಮಾಕುರ ಅದೇ ವಾರ ತಿದ್ದಿದ. ತಿದ್ದಿದ್ದರ ಕೆಳಗೆ, ಐಬನ್ನು ಕಂಡುಹಿಡಿದವರು ಎಂದು ಚಿಗುಸಾ, ತೊಕುಜಿರೊ, ಉಮೆಹರ ಎಂದು ಮೂರು ಹೆಸರು ಹಾಕಿದ. ತಪ್ಪು ನನ್ನದೇ ಎಂದೂ ಬರೆದ. ಹೊಸದನ್ನು ಹಾಕಿಕೊಂಡು ಚಿಗುಸಾ ಅದೇ ಎಳೆಯಲ್ಲಿ ಬೇಕೆಂದೇ ಮತ್ತೆ ಮತ್ತೆ ಎದ್ದು ಕೂತಳು. ಅಲೆ ಒಮ್ಮೆಯೂ ಮುರಿಯಲಿಲ್ಲ.

ಹಿರಿಯರ ಪೂಜೆ ಮುಗಿದ ಮರುದಿನ ಮಗ್ಗ ಬಿಚ್ಚುವವನು ಲಾರಿಯೊಂದಿಗೆ ಬಂದೇಬಿಟ್ಟ. ಬೇಡವೆಂದು ಫೋನ್ ಮಾಡಿದರೆ ಒರಟಾಗುತ್ತದೆಂದು ತೊಕುಜಿರೊ ಮಾಡಿರಲಿಲ್ಲ. ಚಿಗುಸಾ ಮಗ್ಗದ ಮುಂದೆಯೇ ಉಸಿರು ಹಿಡಿದು ಕೂತಳು. ಮಾವ ಇನ್ನು ಹವಾಮಾನದಿಂದ ಶುರುಮಾಡುತ್ತಾರೆ, ಕೊನೆ ಮುಟ್ಟುವುದರೊಳಗೆ ಮರದ ಕೀಲುಗಳು ಬಿಚ್ಚಿರುತ್ತವೆ ಎಂದುಕೊಂಡಳು. ತೊಕುಜಿರೊ ಬಾಗಿಲಿಗೆ ಹೋದರು, ಗಂಟಲು ಸರಿಮಾಡಿಕೊಂಡರು.

"ನಾನು ನಿಮ್ಮನ್ನ ಕರೆದಿದ್ದೆ. ಮಗ್ಗ ಬಿಚ್ಚಬೇಕು ಅಂದಿದ್ದೆ. ಈಗ ಬೇಡ."

ಬಂದವನು ತಬ್ಬಿಬ್ಬಾಗಿ ನಿಂತ. ಈ ಓಣಿಯಲ್ಲಿ ಅಷ್ಟು ಚಿಕ್ಕ ಮಾತನ್ನು ಅವನು ಕೇಳಿರಲಿಲ್ಲ. ತೊಕುಜಿರೊ ಅವನ ಕೈಗೆ ಪೂಜೆಗೆ ಮಾಡಿದ್ದ ಒಹಗಿ ಉಂಡೆಗಳ ಡಬ್ಬಿ ಕೊಟ್ಟು, ಬಾಗಿ ನಮಸ್ಕರಿಸಿ, ಲಾರಿ ತಿರುಗುವವರೆಗೂ ಅಲ್ಲೇ ನಿಂತರು. ಆಮೇಲೆ ಮಾಳಿಗೆ ಹತ್ತಿ ಪೆಟ್ಟಿಗೆಯನ್ನೇ ಇಳಿಸಿಕೊಂಡು ಬಂದು, ಹಳೆಯ ತುಂಡುಗಳನ್ನು ಒಂದೊಂದಾಗಿ ಓಣಿಯ ಬೆಂಚಿನ ಮೇಲೆ ಬಿಸಿಲಿಗೆ ಹರಡತೊಡಗಿದರು. ಇನ್ನೂ ಯಾವುದಾದರೂ ನುಮಾಕುರನ ತಂತ್ರಾಂಶದ ತಪ್ಪೇ ಇರಬಹುದು, ನೋಡೋಣ ಎಂದರು.

ಉಮೆಹರ ಅಮ್ಮ ಎದುರು ಬಾಗಿಲಿಂದ ಬಂದರು. ಈ ಸಲ ಹಲಗೆ ಇರಲಿಲ್ಲ. ಎದೆಗವಚಿಕೊಂಡಿದ್ದ ಬಟ್ಟೆಯ ಗಂಟನ್ನು ಬೆಂಚಿನ ಮೇಲೆ ಬಿಚ್ಚಿದರು. ಒಳಮಗ್ಗುಲಾಗಿ ಮಡಚಿದ ಒಬಿಯ ತುಂಡುಗಳು. ಸೇವಂತಿಗೆಯ ಎಸಳುಗಳು, ಒಂದೊಂದರಲ್ಲೂ ಒಂದು ಹಲ್ಲು ಮುರಿದಿತ್ತು.

"ನಮ್ಮ ಯಜಮಾನರು ನೇಯ್ದದ್ದು. ನಮ್ಮದೂ ಅದೇ ತಂತ್ರಾಂಶವೇ" ಎಂದರು. "ಎಳೆ ಎಳೆಯೋದು, ಗುಂಡಿ ಒತ್ತೋದು ಎಲ್ಲ ನಿಮ್ಮ ಥರಾನೇ. ಐಬು ಬರ್ತಿರೋದು ತಮ್ಮ ಕಣ್ಣು ಮಂಜಾಗಿದ್ದಕ್ಕೇ ಅಂತ ಹೋದ ವರ್ಷ ಮಗ್ಗಕ್ಕೆ ಬಟ್ಟೆ ಹೊದಿಸಿಬಿಟ್ರು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ರು. ಅದಕ್ಕೇ ದಿನಾ ನಿಮ್ಮನೆಗೆ ಬಂದು ಕೂರ್ತಿದ್ದೆ. ಮಗ್ಗದ ಸದ್ದಿಲ್ಲದ ಮನೇಲಿ ಹೇಗೆ ಕೂರೋದು?"

ಚಿಗುಸಾ ಒಳಗಿನಿಂದ ಕೇಳಿಸಿಕೊಂಡು ಏಳಲು ಹೊರಟಳು. ಅವಳ ಕೈ ಆಗಲೇ ಕೊನೆಯ ಎಳೆಗೆ ಹೋಗಿತ್ತು.

"ಏಳಬೇಡಮ್ಮಾ, ನೇಯಿ" ಎಂದು ಉಮೆಹರ ಅಮ್ಮ ಕೂಗಿದರು. "ನಾನೂ ಕೂರಲ್ಲ. ಬೆಳಿಗ್ಗೇನೇ ತಿದ್ದಿದ ಹೊಸ ತಂತ್ರಾಂಶಾನ ಹಾಕಿಸಿದೀವಿ. ಅವರೊಬ್ಬರೇ ಇದಾರೆ, ಹೊದಿಕೆ ತೆಗೀತಾ."

ತೊಕುಜಿರೊ ಸೇವಂತಿಗೆಯ ತುಂಡೊಂದನ್ನು ಎರಡೂ ಕೈಯಲ್ಲಿ ಎತ್ತಿ, ತಮ್ಮ ನೀರಿನ ಅಲೆಗಳ ಪಕ್ಕಕ್ಕೆ ಹಾಸಿದರು. ಸುಕ್ಕು ನೀವಿದರು. ಸೊಂಟದಿಂದ ಬಿದಿರಿನ ಅಳತೆಕೋಲು ತೆಗೆದು ಮುರಿದ ಎಸಳಿನ ಮಗ್ಗುಲಿಗೆ ಇಟ್ಟು, ಸೊಸೆಯ ಫೋನ್ ಹಿಡಿದು, ಮೋಡ ಸರಿಯುವುದನ್ನೇ ಕಾಯುತ್ತ ಬಾಗಿ ನಿಂತರು. ಒಳಗೆ ಚಿಗುಸಾಳ ಮಗ್ಗ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎದುರು ಮನೆಯಿಂದ ಒಂದು ಬಡಿತ ಕೇಳಿಸಿತು. ನಿಂತಿತು. ಇನ್ನೊಂದು ಕೇಳಿಸಿತು.